ಶೆಟ್ಟರ ಅಂಗಡಿಯ ಗುಮಾಸ್ತೆ

ಮೈಸೂರಿನ ನಮ್ಮ ಮನೆಯಲ್ಲಿ ದಸರೆಗೆ ಏಳು ಮೆಟ್ಟಿಲುಗಳ ಮೇಲೆ ಬೊಂಬೆ ಕೂರಿಸುತ್ತೇವೆ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ಪಟ್ಟದ ಬೊಂಬೆಗಳು ಎಲ್ಲಕ್ಕಿಂತ ಮೇಲೆ. ಎಲ್ಲಕ್ಕಿಂತ ಕೆಳಗೆ, ಮಕ್ಕಳ ಕೈಗೆಟಕುವಷ್ಟು ಹತ್ತಿರದಲ್ಲಿ, ದಿನಸಿ ಅಂಗಡಿ ತೆರೆದು ಕುಳಿತ ಡೊಳ್ಳುಹೊಟ್ಟೆಯ ಶೆಟ್ಟರು ಮತ್ತು ಅವರ ಶೆಟ್ಟಮ್ಮ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ, ಮೆಣಸು ಇಡುವುದು ವಾಡಿಕೆ. ಈ ಸಲ ಬಟ್ಟಲು ತುಂಬುವ ಕೆಲಸವನ್ನು ಏಳು ವರ್ಷದ ಮಗಳಿಗೆ ಒಪ್ಪಿಸಿದೆ. ಪಾಡ್ಯದ ಸಂಜೆಯ ಹೊತ್ತಿಗೆ ಅವಳು ತನ್ನನ್ನು ತಾನೇ ಶೆಟ್ಟರ ಅಂಗಡಿಯ ಗುಮಾಸ್ತೆಯಾಗಿ ನೇಮಿಸಿಕೊಂಡು, ರಟ್ಟಿನ ಮೇಲೆ ‘ಸಾಲ ಕೇಳಬೇಡಿ’ ಎಂದು ಬರೆದು ನಿಲ್ಲಿಸಿದ್ದಳು.

ಮಾಲೀಕಳಾಗದೆ ಗುಮಾಸ್ತೆಯಾದದ್ದೇಕೆ ಎಂಬುದು ವ್ಯಾಪಾರ ಆರಂಭವಾದ ಮೇಲೆ ತಿಳಿಯಿತು. ನಾನು ಚೌಕಾಸಿಗೆ ಇಳಿದರೆ, “ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ಶೆಟ್ಟರನ್ನು ಕೇಳಿ ಹೇಳ್ತೀನಿ” ಎಂದು ಮಣ್ಣಿನ ಬೊಂಬೆಯ ಬಾಯಿಗೆ ಕಿವಿಯಿಟ್ಟು, ಸ್ವಲ್ಪ ಹೊತ್ತು ತಲೆದೂಗಿ, “ಶೆಟ್ಟರು ಒಪ್ಪಲ್ಲ” ಎನ್ನುತ್ತಿದ್ದಳು. ತನಗೇ ಮನಸ್ಸು ಕರಗಿದಾಗ ಮಾತ್ರ ಶೆಟ್ಟಮ್ಮ ಒಪ್ಪುತ್ತಿದ್ದರು. ಇಷ್ಟು ಅನುಕೂಲದ ಯಜಮಾನರು ನನಗೂ ಸಿಕ್ಕಿದ್ದರೆ ಎಂದು ಅಸೂಯೆಪಟ್ಟದ್ದುಂಟು.

ಚಿಲ್ಲರೆಗೆ ಅತ್ತೆಯವರ ಹಳೆಯ ಡಬ್ಬಿಯೊಂದು ಸಿಕ್ಕಿತು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೆ ನಿಂತ ಮೇಲೆ ಯಾರೂ ಮುಟ್ಟದಿದ್ದ ಡಬ್ಬಿಯದು. ಚೌಕಾಕಾರದ 5 ಪೈಸೆ, ಅಂಚೆಲ್ಲ ಅಲೆಯಲೆಯಾದ 10 ಪೈಸೆ, ಆರು ಮೂಲೆಯ 20 ಪೈಸೆಗಳನ್ನು ಅವಳು ನೆಲದ ಮೇಲೆ ಹರಡಿ, ಮೇಲೆ ಅಚ್ಚಾದ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೊಸ ಬೆಲೆ ಕಟ್ಟಿದಳು. ಹೂವಿನಂತಿರುವ 10 ಪೈಸೆ ಎಲ್ಲಕ್ಕಿಂತ ದುಬಾರಿ; ಅದೊಂದಕ್ಕೆ 20 ಪೈಸೆಯವು ಎರಡು. ಗುಂಡಗಿರುವ 25 ಪೈಸೆ ತೀರಾ ಅಗ್ಗ, ಏಕೆಂದರೆ “ಗುಂಡಗೆ ಇರೋದು ಎಲ್ಲಾ ಕಡೆ ಸಿಗುತ್ತೆ.” ಹೂವಿನ ನಾಣ್ಯಗಳು ಡಬ್ಬಿಯಲ್ಲಿ ಇದ್ದದ್ದು ನಾಲ್ಕೇ ಆದ್ದರಿಂದ, ಆ ದರವನ್ನು ತಪ್ಪೆನ್ನಲು ನನಗೆ ಕಾರಣ ಸಿಗಲಿಲ್ಲ.

ತೊಡಕು ಬಂದದ್ದು ಮೂರನೆಯ ಸಂಜೆ. “ಬೊಂಬೆ ಕೂರ್ಸಿದ್ದೀರಾ?” ಎಂದು ಕೇಳಿಕೊಂಡು ಬೀದಿಯ ಮಕ್ಕಳು ಬಂದಾಗ, ಅವರಿಗೆ ಕೊಡಬೇಕಾದ ಬೊಂಬೆ ಬಾಗಿನದ ಕೋಡುಬಳೆಗೆ ಇವಳು ಒಂದು ರೂಪಾಯಿ ಕೇಳಿದಳು. ಅಡುಗೆಮನೆಯಿಂದ ಧಾವಿಸಿ ಬಂದ ಅತ್ತೆಯವರು ಪೊಟ್ಟಣಗಳನ್ನು ಕಸಿದು ತಾವೇ ಹಂಚಿದರು. ಬಾಗಿನವನ್ನು ಮಾರುವವರನ್ನು ತಾವು ಈ ಜನ್ಮದಲ್ಲಿ ನೋಡಿಲ್ಲವೆಂದರು. ಮಗಳು ಅಳಲಿಲ್ಲ. ಶೆಟ್ಟರೊಡನೆ ಬಹಳ ಹೊತ್ತು ಸಮಾಲೋಚಿಸಿ, ಮರುದಿನ ಹೊಸ ಬೋರ್ಡು ಹಾಕಿದಳು: ‘ಬಾಗಿನ ಪುಕ್ಕಟೆ. ಬೊಂಬೆಯ ಕಥೆ 1 ರೂಪಾಯಿ.’

ಕಥೆಗಳೆಲ್ಲ ಅವಳವೇ. ಪಟ್ಟದ ರಾಜನಿಗೆ ರಾತ್ರಿ ಹಸಿವಾಗಿ, ಕಿರೀಟವನ್ನು ಅಡವಿಟ್ಟು ಶೆಟ್ಟರಿಂದ ಬೆಲ್ಲ ಕೊಂಡ ಪ್ರಸಂಗವನ್ನು ಕೇಳಲು ಎದುರುಮನೆಯ ಹುಡುಗ ಎರಡು ಸಲ ದುಡ್ಡು ಕೊಟ್ಟ. ದುಡ್ಡಿಲ್ಲದವರಿಂದ ರಬ್ಬರು, ಸ್ಟಿಕ್ಕರು ಪಡೆದಳು. ಬೋರ್ಡಿನಲ್ಲಿ ಏನೇ ಇರಲಿ, ಅಜ್ಜಿಗೆ ಮಾತ್ರ ಸಾಲ ಕೊಟ್ಟಳು. ಅತ್ತೆಯವರು ದಿನಕ್ಕೊಂದು ಕಥೆ ಕೇಳಿ, “ಬರೆದುಕೋ” ಎನ್ನುತ್ತಿದ್ದರು.

ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತುವಾಗ ಲೆಕ್ಕವಾಯಿತು. ಒಟ್ಟು 23 ರೂಪಾಯಿ: ಅಂಗಡಿ ಶೆಟ್ಟರದಾದ್ದರಿಂದ ಅವರಿಗೆ 11, ದುಡಿದವಳಿಗೆ 11, ಚೌಕಾಸಿಗೆ ಒಪ್ಪಿದ ಶೆಟ್ಟಮ್ಮನಿಗೆ ಉಳಿದ 1. ಅವರಿಬ್ಬರ ಪಾಲನ್ನು ಬಟ್ಟೆಯೊಳಗೇ ಗಂಟು ಹಾಕಿದ್ದರಿಂದ, ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವಾಗ ಒಳಗೆ ನಾಣ್ಯಗಳು ಸದ್ದು ಮಾಡಿದವು. ಅವಳ ಪುಸ್ತಕದ ಕೊನೆಯ ಪುಟದಲ್ಲಿ ‘ಅಜ್ಜಿ, 6 ರೂಪಾಯಿ ಬಾಕಿ’ ಎಂದಿದೆ. ವಸೂಲಿಗೆ ಹೋದಾಗಲೆಲ್ಲ ಅತ್ತೆಯವರು, ಶೆಟ್ಟರು ಕೆಳಗಿಳಿದು ಬಂದು ಕೇಳಲಿ, ಕೊಡುತ್ತೇನೆ ಎನ್ನುತ್ತಿದ್ದಾರೆ.