ಆಮಂತ್ರಣ ಪತ್ರಿಕೆಯ ಕೊನೆಯ ಸಾಲು

ಹೋದ ಡಿಸೆಂಬರಿನಲ್ಲಿ ಪುಣೆಯ ಸದಾಶಿವ ಪೇಠೆಯ ಒಂದು ಚಿಕ್ಕ ಸಭಾಗೃಹದಲ್ಲಿ ನಡೆದ ಸಂಗೀತ ಬೈಠಕ್ಕಿನ ಆಮಂತ್ರಣ ಪತ್ರಿಕೆಯನ್ನು ನಾನು ಈಗಲೂ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ನಡುವೆ ದಪ್ಪ ಅಕ್ಷರಗಳಲ್ಲಿ ಗಾಯಕನ ಹೆಸರು, ಅದರ ಕೆಳಗೆ ಅವನ ತಂದೆಯ ಹೆಸರಿನೊಂದಿಗೆ ‘ಸುಪುತ್ರ ಆಣಿ ಶಿಷ್ಯ’ ಎಂಬ ಮರಾಠಿ ಸಾಲು, ತಬಲಾ ಮತ್ತು ಹಾರ್ಮೋನಿಯಂ ನುಡಿಸುವವರ ಹೆಸರು, ಎಲ್ಲಕ್ಕಿಂತ ಕೆಳಗೆ ತಾನಪುರಾ ಸಾಥಿಗೆ ನನ್ನ ಮಗಳ ಹೆಸರು. ಎರಡು ವಾರ ಮೊದಲಿನವರೆಗೂ ಆ ಸಂಜೆ ಹಾಡಬೇಕಾಗಿದ್ದವಳು ಅವಳೇ. ಹನ್ನೊಂದು ವರ್ಷಗಳಿಂದ ಅವಳು ಕಲಿಯುತ್ತಿರುವ, ನಾಡೆಲ್ಲ ಹೆಸರು ಮಾಡಿರುವ ಗುರುಗಳು ಒಂದು ದಿನ ಪಾಠದ ಕೊನೆಯಲ್ಲಿ, “ಈ ಸಲ ಮಗ ಹಾಡಲಿ, ನಿನ್ನದು ಮುಂದಿನ ಸಲ” ಎಂದರಂತೆ. ಅಷ್ಟರಲ್ಲಿ ಅವಳ ಹಾಡು ಕೇಳಲೆಂದೇ ಧಾರವಾಡದಿಂದ ನನ್ನ ಸೋದರಮಾವ ಟಿಕೆಟ್ ಮಾಡಿಸಿಯಾಗಿತ್ತು. “ತಾನಪುರಾ ನುಡಿಸಿದ್ರ ಅದನ್ನ ಕೇಳತೇನಿ” ಎಂದು ಎಂಬತ್ತರ ಹತ್ತಿರದ ಮಾಮಾ ರೈಲು ಹತ್ತಿ ಬಂದೇಬಿಟ್ಟರು.

ಕಾರ್ಯಕ್ರಮಕ್ಕೆ ಮೊದಲು ವೇದಿಕೆಯ ಹಿಂದಿನ ಕೋಣೆಯಲ್ಲಿ ಮಗಳು ಮೀರಜಿನ ತಾನಪುರಾವನ್ನು ಸುರಕ್ಕೆ ಹಚ್ಚುವುದನ್ನು ನೋಡುತ್ತ ಕುಳಿತಿದ್ದೆ. ಪೂರಿಯಾ ರಾಗದಲ್ಲಿ ಪಂಚಮವಿಲ್ಲವಾದ್ದರಿಂದ ಮೊದಲ ತಂತಿಯನ್ನು ನಿಷಾದಕ್ಕೆ ಕೂಡಿಸಬೇಕು. ಆಮೇಲೆ ಜೋಡಿ ತಂತಿಗಳು, ಕೊನೆಗೆ ಖರ್ಜ, ಅಂದರೆ ಕೆಳಗಿನ ಷಡ್ಜದ ತಂತಿ. ತಂತಿಗಳನ್ನು ಹೊರುವ ಮೇಳುಪಟ್ಟಿಯಾದ ಕುದುರೆಯ ಮೇಲೆ ತಂತಿಯ ಅಡಿಗಿದ್ದ ದಾರವನ್ನು ಅವಳು ಉಗುರಿನಿಂದ ಕೂದಲೆಳೆಯಷ್ಟು ಸರಿಸಿದೊಡನೆ ಅಲ್ಲಿಯವರೆಗೆ ಮಂಕಾಗಿದ್ದ ನಾದ ಒಮ್ಮೆಲೇ ತೆರೆದುಕೊಂಡು ಕೋಣೆಯನ್ನೆಲ್ಲ ತುಂಬಿತು. ಅವಳ ಮುಖದಲ್ಲಿ ಆಗ ಬೇಸರದ ಸುಳಿವೂ ಇರಲಿಲ್ಲ. ಇದ್ದ ಬೇಸರವೆಲ್ಲ ನನ್ನದೇ.

ಆ ಹುಡುಗನ ಷಡ್ಜ ಕೇಳಿದಾಗ ನಾನು ಸಿಟ್ಟನ್ನು ಬದಿಗಿಟ್ಟು ಒಪ್ಪಲೇಬೇಕಾಯಿತು. ತೊಟ್ಟಿಲಲ್ಲಿರುವಾಗಿನಿಂದ ರಿಯಾಜು ಕೇಳುತ್ತ ಬೆಳೆದವನ ಕಿವಿ ಅದು, ಎಲ್ಲಿಯೂ ತಡಕಾಡಲಿಲ್ಲ. ಆದರೆ ನಿಧಾನಗತಿಯ ವಿಲಂಬಿತ ಇಪ್ಪತ್ತು ನಿಮಿಷ ದಾಟುವ ಹೊತ್ತಿಗೆ ಅವನಲ್ಲಿದ್ದುದು ಮುಗಿಯಿತೆನಿಸಿ, ತಂದೆಯ ತಾನುಗಳೇ, ಅಂದರೆ ಅವರ ವೇಗದ ಸ್ವರಸರಣಿಗಳೇ, ಒಂದಾದ ಮೇಲೊಂದರಂತೆ ಬರತೊಡಗಿದವು. ಎರಡು ಸಲ ಸಮ್, ತಾಳದ ಆವರ್ತನ ಶುರುವಾಗುವ ಪೆಟ್ಟು, ತಪ್ಪಿತು. ಆಗ ಮುಂದಿನ ಸಾಲಿನ ಹಿರಿಯರೊಬ್ಬರು ಪ್ರೀತಿಯಿಂದಲೇ ನಕ್ಕು, “ಇನ್ನೂ ಚಿಕ್ಕವನು, ಬರುತ್ತದೆ” ಎಂದು ಪಕ್ಕದವರಿಗೆ ಹೇಳಿದರು. ಆ ಮಾತು ನನ್ನ ಎದೆಗೆ ನಾಟಿತು. ಮಗಳು ಹಾಡಿ ಸಮ್ ತಪ್ಪಿದ್ದರೆ ಅದೇ ಹಿರಿಯರು ಏನೆನ್ನುತ್ತಿದ್ದರು? “ತಯಾರಿ ಸಾಲದು” ಎನ್ನುತ್ತಿದ್ದರು, ಮತ್ತೆ ಕರೆಯುತ್ತಿರಲಿಲ್ಲ. ದೊಡ್ಡ ಗಾಯಕರ ಮಕ್ಕಳಿಗೆ ಹುಟ್ಟಿನಿಂದ ಸಿಗುವುದು ವೇದಿಕೆ ಮಾತ್ರವಲ್ಲ, ಅದೇ ವೇದಿಕೆಯ ಮೇಲೆ ಹತ್ತು ಸಲ ಎಡವಿಯೂ ಹನ್ನೊಂದನೆಯ ಸಲ ಏರುವ ಅವಕಾಶ. ಕಿವಿಯನ್ನು ತಂದೆತಾಯಿಗಳಿಂದ ಪಡೆದರೆ ನನ್ನ ತಕರಾರಿಲ್ಲ. ಈ ಎರಡನೆಯದು ಮಾತ್ರ ಇನ್ನೊಬ್ಬರ ಪಾಲಿನದು ಎಂದು ಅಂದೂ ಅನಿಸಿತು, ಇಂದೂ ಅನಿಸುತ್ತದೆ.

ಕಾರ್ಯಕ್ರಮ ಮುಗಿದು ತಿಲಕ ರಸ್ತೆಯಲ್ಲಿ ನಡೆಯುವಾಗ ನಾನು ಇದನ್ನೇ ಹೇಳಿದೆ. ಮಾಮಾ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. “ಗಂಗೂಬಾಯಿ ಹಾನಗಲ್ಲರ ಹಿಂದ ಕೃಷ್ಣಾ ಕುಂತಿದ್ದನ್ನ ನಾ ಎಷ್ಟೋ ಸಲ ನೋಡೇನಿ” ಎಂದರು. “ಅವ್ವ ಬಿಟ್ಟ ಸುರಾನ ಮಗಳು ಎತ್ತಿಕೋತಿದ್ದಳು. ಜನ್ಮೆಲ್ಲಾ ಹಂಗ ಹೋತು. ಆಕಿಗೆ ಯಾರ ಜಾಗಾ ಸಿಕ್ತು, ಹೇಳು?” ನನ್ನಲ್ಲಿ ಉತ್ತರವಿರಲಿಲ್ಲ. ಕೃಷ್ಣಾ ಹಾನಗಲ್ಲರು ತಾಯಿಗಿಂತ ಐದು ವರ್ಷ ಮೊದಲೇ, 2004ರಲ್ಲಿ, ತೀರಿಕೊಂಡರು.

ನಾನು ಕಿಶೋರಿ ಆಮೋಣಕರರ ಹೆಸರೆತ್ತಿದೆ. ಗೋವೆಯ ಕುರ್ಡಿಯಿಂದ ಬಂದ ಮೋಗೂಬಾಯಿಯಂತಹ ಕಠಿಣ ತಾಯಿಯ ಮಗಳಾಗಿಯೂ, ಕಲಿತ ಜೈಪುರ ಗಾಯನಶೈಲಿಯ ಚೌಕಟ್ಟು ಮೀರಿ ಮುಂಬಯಿಯಲ್ಲಿ ತಮ್ಮದೇ ದಾರಿ ಮಾಡಿಕೊಂಡವರು. ಮಾಮಾ ಅದಕ್ಕೆ ತಲೆದೂಗಿ, ಇನ್ನೂ ಹಿಂದಕ್ಕೆ ಹೋದರು. ಕಿರಾನಾ ಘರಾಣೆ ಎಂಬ ಗಾಯನ ಪರಂಪರೆಯ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನರಿಂದ ಬೇರೆಯಾದ ತಾರಾಬಾಯಿ ಮಕ್ಕಳಿಗೆ ಹೊಸ ಹೆಸರುಗಳನ್ನೇ ಇಟ್ಟರು. ಚಂಪಾಕಲಿ ಎಂಬ ಹುಡುಗಿ ಹೀರಾಬಾಯಿ ಬಡೋದೇಕರ್ ಆದಳು. ತಂದೆಯ ಹೆಸರಿನ ಆಸರೆಯಿಲ್ಲದೆಯೇ ಆಕೆಯನ್ನು ಜನ ಕಿವಿಗೊಟ್ಟು ಕೇಳಿದರು. “ಹೆಸರು ತೆಗದ್ರೂ ಗಂಟಲದಾಗಿನ ಕಿರಾನಾ ಹೋಗಲಿಲ್ಲ ನೋಡು” ಎಂದು ಮಾಮಾ ನಡುರಸ್ತೆಯಲ್ಲೇ ನಿಂತುಬಿಟ್ಟರು. ಅದೇ ಕಿರಾನಾವನ್ನು ಕುಂದಗೋಳದ ಸವಾಯಿ ಗಂಧರ್ವರಿಂದ ಕಲಿಯಲು ಮನೆ ಬಿಟ್ಟು ಅಲೆದ ಗದುಗಿನ ಶಿಕ್ಷಕರ ಮಗ ಭೀಮಸೇನ ಜೋಶಿ, 1953ರಲ್ಲಿ ಇದೇ ಊರಿನಲ್ಲಿ ಗುರುವಿನ ಹೆಸರಿನ ಉತ್ಸವ ಶುರುಮಾಡಿದರು. ಹಾಡುವವರ ಮನೆಯಲ್ಲಿ ಹುಟ್ಟದ ಹುಡುಗನಿಗೆ ಕುಂದಗೋಳದಲ್ಲಿ ಒಬ್ಬ ಗುರು ಬಾಗಿಲು ತೆರೆದಿದ್ದರು. ನನ್ನ ತಕರಾರೆಲ್ಲ ಆ ಬಾಗಿಲಿನದೇ.

ಇಷ್ಟು ಹೊತ್ತು ಸುಮ್ಮನಿದ್ದ ಮಗಳು ಆಗ ಬಾಯಿಬಿಟ್ಟಳು. “ಅವ್ವಾ, ಎರಡನೇ ಸಲ ಸಮ್ ತಪ್ಪಿದಾಗ ಅವ ಹಿಂದ ಹೊಳ್ಳಿ ನನ್ನ ನೋಡಿದ. ಅವನ ಕೈ ನಡಗಲಿಕ್ಕೆ ಹತ್ತಿತ್ತು. ನಾ ನಿಷಾದದ ತಂತಿ ಸ್ವಲ್ಪ ಜೋರ ಮೀಟಿದೆ, ಅದನ್ನ ಹಿಡಕೊಂಡು ಮತ್ತ ರಾಗಕ್ಕ ಬಂದ.” ಒಂದಿಷ್ಟು ದೂರ ನಡೆದ ಮೇಲೆ ಅವಳೇ ಮುಂದುವರಿಸಿದಳು: “ಆದ್ರ ಬರೋ ತಿಂಗಳು ಅವಂದು ಕೊಲ್ಹಾಪುರದಾಗ ಕಾರ್ಯಕ್ರಮ ಐತಿ. ನಂದು ಎಲ್ಲೂ ಇಲ್ಲ.”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಮಾಮಾನನ್ನು ರೈಲು ಹತ್ತಿಸಿ, ನಿಲ್ದಾಣದಿಂದ ಸೀದಾ ಗುರುಗಳ ಮನೆಗೆ ಹೋದೆ. ಹನ್ನೊಂದು ವರ್ಷಗಳಲ್ಲಿ ಶುಲ್ಕ ಕೊಡಲು, ಗುರುಪೂರ್ಣಿಮೆಗೆ ಕಾಲಿಗೆರಗಲು ಹೋಗಿದ್ದೆನೇ ಹೊರತು ಏನನ್ನಾದರೂ ಕೇಳಲು ಹೋಗಿರಲಿಲ್ಲ. “ಮುಂದಿನ ಸಲ ಎಂದಿದ್ದೀರಿ ಗುರೂಜಿ, ಅದರ ತಾರೀಖು ಬೇಕು” ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರನ್ನು ತೆಗೆದುಕೊಂಡು ಬಂದರು.