ನೀವು ಯಾರಿಗಾದರೂ ಶಾಪ ಹಾಕಿದ್ದೀರಾ?

ನಾನು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಗ ಪೇಗನ್ ಪಂಥದವರ ಜೊತೆ ಸೇರಿಕೊಂಡೆ ಎಂಬುದು ವಿರಾಜಪೇಟೆಯ ಕಡೆ ಬಹಳ ಜನರಿಗೆ ಗೊತ್ತು. ಮದುವೆಮನೆಯಲ್ಲಾಗಲಿ ಸಂತೆಯಲ್ಲಾಗಲಿ, ಮಾತು ಕೊನೆಗೆ ಅಲ್ಲಿಗೇ ಬರುತ್ತದೆ. “ನಿಮ್ಮವರು ಮಾಟ ಮಾಡುತ್ತಾರಂತಲ್ಲ, ಅದು ತಪ್ಪಲ್ಲವೇ? ನೀವು ಯಾರಿಗಾದರೂ ಮಾಡಿದ್ದೀರಾ?”

ಮಾಡಿದ್ದೇನೆ. ಒಂದೇ ಸಲ.

ಪೇಗನ್ನರೆಲ್ಲರೂ ಒಂದೇ ಮಾತಿಗೆ ಕಟ್ಟುಬಿದ್ದವರಲ್ಲ. ಯುರೋಪಿನ ಹಳೆಯ ದೈವಗಳನ್ನು, ಋತುಗಳನ್ನು, ನೆಲವನ್ನು ಪೂಜಿಸುವ ಇಂದಿನ ಹಲವು ಪಂಥಗಳಿಗೆ ಒಟ್ಟಾಗಿ ಆ ಹೆಸರು. ಅದರಲ್ಲಿ ವಿಕ್ಕ ಒಂದು ಕವಲು. ಬ್ರಿಟನ್ನಿನ 1735ರ ಮಾಟಮಂತ್ರ ಕಾಯ್ದೆ 1951ರಲ್ಲಿ ರದ್ದಾದ ಮೇಲೆ ಇಂಗ್ಲಿಷ್ ಲೇಖಕ ಜೆರಾಲ್ಡ್ ಗಾರ್ಡ್ನರ್ ಅದನ್ನು ಜನರ ಮುಂದೆ ತಂದರು. ಯಾರಿಗೂ ಕೇಡಾಗದಿದ್ದರೆ ಇಷ್ಟಬಂದಂತೆ ನಡೆ ಎಂಬ ಅದರ ಸೂತ್ರವನ್ನು 1964ರಲ್ಲಿ ಅದೇ ಪಂಥದ ಡೋರೀನ್ ವ್ಯಾಲಿಯಂಟೆ ಭಾಷಣವೊಂದರಲ್ಲಿ ಹೇಳಿದರು. ಮಾಡಿದ್ದು ಮೂರು ಪಟ್ಟಾಗಿ ಮಾಡಿದವರಿಗೇ ಮರಳುತ್ತದೆ ಎಂದು ನಂಬುವವರೂ ವಿಕ್ಕದಲ್ಲಿ ಬಹಳ. ಬೇರೆ ಕವಲುಗಳವರು ಈ ಸೂತ್ರ ತಮ್ಮದಲ್ಲ ಎನ್ನುತ್ತಾರೆ. ಶಾಪ ಹಾಕಲಾರದವಳು ಗುಣಪಡಿಸಲಾರಳು ಎಂಬ ಮಾತು ಅವರಲ್ಲಿ ಚಾಲ್ತಿಯಲ್ಲಿದೆ. ಕಚೇರಿಯೂ ಕೋರ್ಟೂ ಕೈಬಿಟ್ಟವರಿಗೆ ಉಳಿದಿರುವುದು ಶಾಪವೊಂದೇ ಎಂಬುದು ಅವರ ವಾದ.

ಆ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಲ್ಲೂ ನೆಟಿಗೆ ಮುರಿದು ಹಿಡಿಶಾಪ ಹಾಕುವವರು ಯಾರು? ಬೇರೆ ದಾರಿ ಇಲ್ಲದವರೇ. ಕೊಡಗಿನ ದೇವರಪುರದ ಕುಂಡೆ ಹಬ್ಬವನ್ನು ನೋಡಿದವರಿಗೆ ಗೊತ್ತು. ಮೇ ತಿಂಗಳಲ್ಲಿ ಜೇನುಕುರುಬ, ಯರವ ಬುಡಕಟ್ಟುಗಳವರು ವೇಷ ಹಾಕಿ, ಡಬ್ಬ ಬಡಿಯುತ್ತಾ, ತಮ್ಮನ್ನು ಕೈಬಿಟ್ಟು ಹೋದ ದೇವರನ್ನೂ ಎದುರಿಗೆ ಸಿಕ್ಕವರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ವರ್ಷವಿಡೀ ತಲೆ ತಗ್ಗಿಸಿ ದುಡಿದವರ ಬಾಯಿಂದ ಆ ದಿನ ಹೊರಡುವ ಬೈಗುಳವನ್ನು ನಾನು ಪ್ರಾರ್ಥನೆಯಷ್ಟೇ ಗೌರವದಿಂದ ಕೇಳಿಸಿಕೊಳ್ಳುತ್ತೇನೆ.

ನನ್ನದು ಅಂಥ ಶಾಪವಾಗಿರಲಿಲ್ಲ.

ಇಂಗ್ಲೆಂಡಿನ ಬಾತ್ ನಗರದ ಬಿಸಿನೀರಿನ ಬುಗ್ಗೆಯಲ್ಲಿ ರೋಮನ್ನರ ಕಾಲದ ಸುಮಾರು 130 ಶಾಪದ ತಗಡುಗಳು ಸಿಕ್ಕಿವೆ. ಸೀಸದ ತೆಳು ಹಾಳೆಯ ಮೇಲೆ ಕೊರೆದು, ಮಡಚಿ, ಸುಲಿಸ್ ಮಿನರ್ವಾ ದೇವತೆಗೆಂದು ನೀರಿಗೆ ಹಾಕಿದವು. ರಜೆ ಸಿಕ್ಕಾಗಲೆಲ್ಲ ಹೋಗಿ ಅವುಗಳ ಮುಂದೆ ನಿಲ್ಲುತ್ತಿದ್ದೆ. ಡೊಸಿಮೆಡಿಸ್ ಎಂಬವನ ಎರಡು ಕೈಗವಸು ಕಳುವಾಗಿವೆ. ಕದ್ದವರ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿಕೊಂಡಿದ್ದಾನೆ. ಕೈಗವಸಿಗಾಗಿ ಕಣ್ಣು! ಆದರೆ ಅವನು ಯಾರ ಹೆಸರನ್ನೂ ಬರೆದಿಲ್ಲ. ಇನ್ನು ಕೆಲವು ತಗಡುಗಳಲ್ಲಿ ಕದ್ದವರು ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಸ್ವತಂತ್ರರಾಗಲಿ ಎಂದಿದೆ. ಕಳ್ಳ ಯಾರೆಂಬುದನ್ನು ದೇವತೆಗೇ ಬಿಟ್ಟಿದ್ದಾರೆ. ಅನುಮಾನಿಸಿದವರ ಹೆಸರನ್ನು ಬರೆದ ತಗಡುಗಳೂ ಆ ಬುಗ್ಗೆಯಲ್ಲಿವೆ. ನಾನು ಅವುಗಳ ಸಾಲಿಗೆ ಸೇರಿದೆ.

ಊರಿಗೆ ಮರಳಿದ ಎರಡನೆಯ ವರ್ಷ, ಕಣದಲ್ಲಿ ಒಣಗಿಸಿ ಕಟ್ಟಿಟ್ಟಿದ್ದ ಎರಡು ಚೀಲ ಕರಿಮೆಣಸು ಮಾಯವಾಯಿತು. ಆ ವರ್ಷ ಕಾಫಿ ಕೈಕೊಟ್ಟಿತ್ತು, ಮೆಣಸನ್ನೇ ನಂಬಿಕೊಂಡಿದ್ದೆವು. ಹಿಂದಿನ ಸಂಜೆ ಕಣದ ಹತ್ತಿರ ಕಂಡದ್ದು ತೋಟದ ಆಳುಗಳ ಲೈನ್ ಮನೆಯ ಯರವ ಮುದುಕನೊಬ್ಬ. ಅಷ್ಟೇ ಸಾಕಾಯಿತು. ಅವನ ಹೆಸರನ್ನು ಚೀಟಿಯಲ್ಲಿ ಬರೆದು, ಸುರುಳಿ ಸುತ್ತಿ, ಕಪ್ಪು ದಾರದಿಂದ ಒಂಬತ್ತು ಗಂಟು ಹಾಕಿದೆ. ಇದನ್ನು ಪೇಗನ್ನರು ಕಟ್ಟು ಎನ್ನುತ್ತಾರೆ, ಕೇಡು ಮಾಡುವವರ ಕೈ ಕಟ್ಟುವುದು. ಕೆಲವರು ಅಂಥ ಚೀಟಿಯನ್ನು ನೀರಿನ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡುವುದೂ ಉಂಟು. ಇದು ಶಾಪವಲ್ಲ, ಬರೀ ತಡೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ಸಮಾಧಾನವನ್ನು ಪೇಗನ್ನರಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಗುಟ್ಟು ಉಳಿಯಲಿಲ್ಲ. ಕೆಲಸದವಳು ಕಂಡಳು, ಲೈನ್ ಮನೆಗೆ ಸುದ್ದಿ ಮುಟ್ಟಿತು. ಚೀಟಿಗೆ ಶಕ್ತಿ ಇತ್ತೇ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಮುದುಕ ಊಟ ಬಿಟ್ಟ. ಅವನ ಜೊತೆ ಕೂತು ಕಾಫಿ ಕುಡಿಯುತ್ತಿದ್ದವರು ದೂರ ಸರಿದರು. ವಾರದೊಳಗೆ ಗಂಟುಮೂಟೆ ಕಟ್ಟಿಕೊಂಡು ಕುಟ್ಟದ ಕಡೆ ಮಗಳ ಮನೆಗೆ ಹೊರಟುಹೋದ.

ಮೆಣಸನ್ನು ಮಾರಿದ್ದು ನಮ್ಮ ಮನೆಯವರೇ ಎಂದು ತಿಳಿದಾಗ ಮಳೆ ಹಿಡಿದಿತ್ತು.

ಆದ್ದರಿಂದ ಯಾರಾದರೂ ಬಂದು ಕೇಳಿದರೆ ನಾನು ಹೆಸರು ಬರೆಯುವುದಿಲ್ಲ, ಬರೆಸುವುದೂ ಇಲ್ಲ. ಅನ್ಯಾಯವಾಗಿದ್ದರೆ ಅದನ್ನು ದೇವರ ಮುಂದೆ ಗಟ್ಟಿಯಾಗಿ ಹೇಳಿ, ಅಳಿ, ಬೈಯಿರಿ, ಮುಡಿಪು ಕಟ್ಟಿ, ನಾನೂ ಪಕ್ಕದಲ್ಲಿ ಕೂರುತ್ತೇನೆ. ಗಂಡನ ಹೊಡೆತ ತಾಳಲಾರದೆ ಬಂದವಳಿಗೂ ಇದನ್ನೇ ಹೇಳಿದೆ. ಅವಳು ಹೇಳುವಷ್ಟನ್ನು ಹೇಳಿ ಮುಗಿಸಿದ ಮೇಲೆ ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು.

ಆ ಮಳೆಯಲ್ಲೇ ಕುಟ್ಟಕ್ಕೆ ಹೋಗಿ ಮುದುಕನನ್ನು ಹುಡುಕಿ ತಪ್ಪೊಪ್ಪಿಕೊಂಡೆ. ಅವನು ಬೈಯಲಿಲ್ಲ. “ಅದನ್ನು ತಂದಿದ್ದೀರಾ ಅಮ್ಮ?” ಎಂದ. ತಂದಿದ್ದೆ. “ನನ್ನ ಮುಂದೆ ಬಿಚ್ಚಿ.” ದಾರ ತೇವ ಹಿಡಿದು ಗಂಟು ಬಿಗಿದುಕೊಂಡಿತ್ತು, ಉಗುರಿಗೆ ಸಿಗಲಿಲ್ಲ. ಅವನ ಮಗಳು ಕತ್ತಿ ತಂದುಕೊಟ್ಟಳು. ಅವನು ಬೇಡವೆಂದು ತಲೆಯಾಡಿಸಿದ. ಒಂಬತ್ತು ಗಂಟುಗಳನ್ನೂ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಅಷ್ಟು ಹೊತ್ತೂ ಅವನು ನನ್ನ ಕೈಯನ್ನೇ ನೋಡುತ್ತಾ ಕುಳಿತಿದ್ದ.