ಪ್ಲಾಸ್ಟಿಕ್ ಬಾಟಲಿಯೇ ಯಾಕೆ?

ನಮ್ಮ ಕಾಲದಲ್ಲಿ ರಸಾಯನಶಾಸ್ತ್ರ ವಿಭಾಗದ ಕೊನೆಯ ಬೆಂಚಿನ ಮೇಲೆ ನೀರಿನ ಬಾಟಲಿಗಳ ಸಾಲು ತಪ್ಪುತ್ತಿರಲಿಲ್ಲ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಕೊಳವೆಬಾವಿಗಳ ನೀರು, ಫ್ಲೋರೈಡ್ ಎಷ್ಟಿದೆ ಎಂದು ಅಳೆಯಲು ತಂದದ್ದು. ಎಲ್ಲವೂ ಪ್ಲಾಸ್ಟಿಕ್ ಬಾಟಲಿಗಳು. ಗಾಜಿನದರಲ್ಲಿ ಬಂದದ್ದು ನೇರ ಸಿಂಕಿಗೆ. ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಊರಿಗೇನು ಬಂತು ಎಂದು ಸಂಚಿಕೆಗೆ ಬರೆದುಕೊಡಿ ಎಂದಾಗ ಮೊದಲು ನೆನಪಾದದ್ದು ಆ ಸಾಲು.

ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಗಾಜಿನಲ್ಲಿರುವ ಸಿಲಿಕಾ ಅದನ್ನು ಹಿಡಿದುಕೊಳ್ಳುತ್ತದೆ. ನೀರು ಆಮ್ಲದ ಕಡೆ ವಾಲಿದಷ್ಟೂ ಹೆಚ್ಚು. ಹಾಗಾದಾಗ ಮೀಟರು ತೋರಿಸುವುದು ಬಾವಿಯಲ್ಲಿದ್ದ ಅಂಕಿಯನ್ನಲ್ಲ, ಅದಕ್ಕಿಂತ ಕಡಿಮೆಯದನ್ನು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. 1.7 ಇದ್ದದ್ದು 1.4 ಎಂದು ಬಂದರೆ ಆ ಬಾವಿಗೆ 'ಕುಡಿಯಲು ಯೋಗ್ಯ' ಎಂಬ ಬೋರ್ಡು ಬೀಳುತ್ತದೆ. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಅದನ್ನೇ ಕುಡಿಯುತ್ತಾರೆ. ದಂತಕವಚದ ಮೇಲೆ ಒಮ್ಮೆ ಬಿದ್ದ ಕಂದು ಕಲೆ ಮುಂದೆ ಒಳ್ಳೆಯ ನೀರು ಕುಡಿದರೂ ಹೋಗುವುದಿಲ್ಲ.

ಅಳೆಯುವ ಕೆಲಸದಲ್ಲಿ ಬೆಡಗೇನಿಲ್ಲ. ಒಣಗಿಸಿದ ಸೋಡಿಯಂ ಫ್ಲೋರೈಡನ್ನು 221 ಮಿಲಿಗ್ರಾಂ ತೂಗಿ 1 ಲೀಟರಿಗೆ ಮಾಡಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ದಾಸ್ತಾನು ದ್ರಾವಣ ಸಿಕ್ಕಿತು. ಅದರಲ್ಲಿ 10 ಮಿಲಿಲೀಟರನ್ನು 100ಕ್ಕೆ ಏರಿಸಿದರೆ ಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣ, 1 ಮಿಲಿಲೀಟರನ್ನು ಏರಿಸಿದರೆ 1 ಮಿಲಿಗ್ರಾಂ ಇರುವ ದ್ರಾವಣ. ಮೀಟರಿಗೆ ಜೋಡಿಸಿ ದ್ರಾವಣದಲ್ಲಿ ಅದ್ದುವ ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡು ಈ ಎರಡರ ನಡುವೆ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ತೋರಿಸಬೇಕು. 50ರ ಆಸುಪಾಸಿನಲ್ಲೇ ನಿಂತರೆ ಹರಳಿನ ಮೇಲೆ ಜಿಡ್ಡು ಕೂತಿದೆ, ಇಲ್ಲವೇ ತುದಿಗೆ ಗಾಳಿಗುಳ್ಳೆ ಅಂಟಿದೆ, ಇಲ್ಲವೇ ದ್ರಾವಣ ಹಳತಾಗಿದೆ. ಒಂದೇ ಒಂದು ಮಿಲಿವೋಲ್ಟ್ ಆಚೀಚೆಯಾದರೂ ಉತ್ತರದಲ್ಲಿ ಶೇಕಡಾ 4ರಷ್ಟು ತಪ್ಪು. ತೆಳುವಿನಿಂದ ಗಟ್ಟಿಯ ಕಡೆಗೆ ಅದ್ದುತ್ತಾ ಹೋಗಬೇಕು. ತಿರುಗುಮುರುಗು ಮಾಡಿದರೆ ಹಿಂದಿನ ದ್ರಾವಣದ ಶೇಷ ಮುಂದಿನದಕ್ಕೆ ಸೇರುತ್ತದೆ.

ಮಾದರಿ ನೀರಿಗೆ ಸಮ ಅಳತೆಯ ಬಫರ್ (ಆಮ್ಲ-ಕ್ಷಾರದ ಮಟ್ಟ ಕಾಯುವ ದ್ರಾವಣ) ಬೆರೆಸುವುದನ್ನು ಹೊಸಬರು ಮರೆಯುತ್ತಾರೆ. ಅಲ್ಯೂಮಿನಿಯಂ, ಕಬ್ಬಿಣ ಇದ್ದಲ್ಲಿ ಫ್ಲೋರೈಡ್ ಅವುಗಳ ಜೊತೆ ಕಟ್ಟಿಕೊಂಡಿರುತ್ತದೆ. ಎಲೆಕ್ಟ್ರೋಡಿಗೆ ಕಾಣುವುದು ಬಿಡಿ ಅಯಾನು ಮಾತ್ರ. ಬಫರು ಆ ಕಟ್ಟು ಬಿಡಿಸುತ್ತದೆ, ಪಿಎಚ್ ಅನ್ನು 5ರಿಂದ 5.5ರ ನಡುವೆ ಹಿಡಿಯುತ್ತದೆ. ಸ್ಫಟಿಕ (ಅಲ್ಯೂಮಿನಿಯಂ ಇರುವ ಪಟಿಕ, ಆಲಂ) ಹಾಕಿ ಶುದ್ಧೀಕರಿಸಿದ ನೀರನ್ನು ಬಫರಿಲ್ಲದೆ ಅಳೆದರೆ ಶುದ್ಧೀಕರಣ ಭರ್ಜರಿಯಾಗಿ ಯಶಸ್ವಿಯಾದಂತೆ ಕಾಣುವುದು ಅದಕ್ಕೇ.

ಇಷ್ಟೊಂದು ಫ್ಲೋರೈಡ್ ನೀರಿಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಭೂವಿಜ್ಞಾನ ವಿಭಾಗದವರ ಹತ್ತಿರ. ನಮ್ಮ ಸೀಮೆಯ ಗ್ರಾನೈಟ್, ನೈಸ್ ಬಂಡೆಗಳ ಬಯೊಟೈಟ್, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಅದು ಇದ್ದೇ ಇದೆ. ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಲ್ಲಿ ಕರಗಿಯೇ ಉಳಿಯುತ್ತದೆ. ಹಾಗಾಗಿ ಬೇಳೆ ಚೆನ್ನಾಗಿ ಬೇಯುವ, ಸೋಪು ಬುರಬುರನೆ ನೊರೆ ಬಿಡುವ 'ಒಳ್ಳೆ ನೀರು' ಹಲವು ಕಡೆ ಹೆಚ್ಚು ಅನುಮಾನದ್ದು. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ಇದು ತಿಳಿಯದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಟ್ಟಿಯಾಗುತ್ತದೆ.

ತೆಗೆಯುವ ವಿಧಾನಗಳೇನೂ ಕಡಿಮೆಯಿಲ್ಲ. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸ್ಫಟಿಕ, ಅದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಸುಣ್ಣ, ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಒಂದು ಗಂಟೆ ಬಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಬೇಕು. ಬಕೆಟ್ಟಿನ ನಲ್ಲಿ ತಳದಿಂದ ಮೂರ್ನಾಲ್ಕು ಬೆರಳು ಮೇಲಿರಬೇಕು, ಇಲ್ಲದಿದ್ದರೆ ಕೆಸರೇ ಬಿಂದಿಗೆಗೆ. ಸ್ಫಟಿಕದ ಅಳತೆ ನೀರಿನ ಕ್ಷಾರೀಯತೆಯ ಮೇಲೆ ನಿಂತಿದೆ. ಪಕ್ಕದೂರಿನ ಚಮಚದ ಲೆಕ್ಕವನ್ನು ಇಲ್ಲಿಗೆ ತಂದರೆ ಒಂದೋ ಫ್ಲೋರೈಡ್ ಉಳಿಯುತ್ತದೆ, ಇಲ್ಲವೇ ನೀರು ಹುಳಿಯಾಗಿ ಅಲ್ಯೂಮಿನಿಯಂ ಉಳಿಯುತ್ತದೆ. ಕಾನ್ಪುರದ ಐಐಟಿ ಬೆಳೆಸಿದ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಮನೆಗೆ ಅನುಕೂಲ. ಆದರೆ ಕೆಲವು ತಿಂಗಳಲ್ಲಿ ಅದರ ಹೀರುವ ಶಕ್ತಿ ತೀರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದು, ತೆಳು ಆಮ್ಲದಲ್ಲಿ ಸರಿದೂಗಿಸಿ ಮತ್ತೆ ತುಂಬಬೇಕು. ಶಕ್ತಿ ತೀರಿದ ಫಿಲ್ಟರಿನಿಂದಲೂ ನೀರು ಹಿಂದಿನಷ್ಟೇ ತಿಳಿಯಾಗಿ ಇಳಿಯುತ್ತಿರುತ್ತದೆ, ಅಪಾಯ ಇರುವುದೇ ಅಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯವರದು ಮೆಗ್ನೀಷಿಯಂ ಆಕ್ಸೈಡಿನ ದಾರಿ. ಅದರಿಂದ ಏರುವ ಪಿಎಚ್ ಅನ್ನು ಇಳಿಸಲು ಸೋಡಿಯಂ ಬೈಸಲ್ಫೇಟ್ ಹಾಕಬೇಕು, ಆ ಪೊಟ್ಟಣ ಕಳೆದರೆ ನೀರು ಬಾಯಿಗಿಡಲಾಗದು. ಈಗ ಹಳ್ಳಿಹಳ್ಳಿಯಲ್ಲಿರುವ ಆರ್‌ಒ ಘಟಕಗಳದು ಇನ್ನೊಂದು ಕಥೆ: 3 ಮಿಲಿಗ್ರಾಂ ಇದ್ದ ನೀರಿನಲ್ಲಿ ಅರ್ಧ ಹೊರಗೆ ಹೋದರೆ ಆ ಅರ್ಧದಲ್ಲಿ ಸುಮಾರು 6 ಮಿಲಿಗ್ರಾಂ ಇರುತ್ತದೆ. ಅದನ್ನು ಕೊಳವೆಬಾವಿಯ ಪಕ್ಕದ ಗುಂಡಿಗೇ ಬಿಡುವುದು ಕಂಡರೆ ಸಿಟ್ಟು ಬರುತ್ತದೆ.

ದಾವಣಗೆರೆಯವರಿಗೆ ನೀರಿಗಿಂತ ಮೆಕ್ಕೆಜೋಳದ ಮಾತು ಬೇಗ ಹತ್ತಬಹುದು. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ ಒಂದು ಹುಳು ಸಿಕ್ಕಿತು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಚಿಟ್ಟೆಯಾಗುವ ತನಕ ಸಾಕಿ, ಗಂಡು ಚಿಟ್ಟೆಯ ಜನನಾಂಗವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದರು. ವಂಶವಾಹಿ ಪರೀಕ್ಷೆಯೂ ತಾಳೆಯಾಯಿತು. ಅಮೆರಿಕ ಖಂಡದ್ದಾಗಿ, 2016ರಲ್ಲಿ ಆಫ್ರಿಕಕ್ಕೆ ಬಂದಿದ್ದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ದಾಖಲಾದದ್ದು ಹೀಗೆ. ಹೆಸರು ಹಿಡಿದದ್ದರಿಂದ ಏನಾಯಿತು ಎಂದು ಕೇಳುವವರಿದ್ದಾರೆ. ಕಾಂಡಕೊರಕ ಎಂದುಕೊಂಡರೆ ಔಷಧಿ ಬೇರೆ, ಹೊತ್ತು ಬೇರೆ, ಹಾಕುವ ಜಾಗ ಬೇರೆ.

ರೈತ ನೋಡಬೇಕಾದ ಗುರುತು ಎರಡೇ. ತಲೆಯ ಮೇಲೆ ತಿರುಗಿಸಿಟ್ಟ ವೈ ಆಕಾರದ ಬಿಳಿ ಗೆರೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಮರಿಹುಳು ಎಲೆ ಕೆರೆದಾಗ ಪೊರೆಯಂಥ ಬಿಳಿ ಕಿಂಡಿಗಳು ಕಾಣುತ್ತವೆ. ಕೈ ಹಾಕಬೇಕಾದ ಹೊತ್ತು ಅದು. ಸುಳಿಯಲ್ಲಿ ಮರದ ಹೊಟ್ಟಿನಂತೆ ಲದ್ದಿ ತುಂಬಿದ ಮೇಲೆ ಹುಳು ಬಲಿತಿರುತ್ತದೆ, ತನ್ನದೇ ಲದ್ದಿಯ ಕೆಳಗೆ ಅವಿತಿರುತ್ತದೆ, ಸಿಂಪರಣೆ ಮುಟ್ಟುವುದಿಲ್ಲ. ಆಗ ವಿಷ ಪಾಷಾಣ: 10 ಕೆಜಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಟ್ಟು, ಹೊಲಕ್ಕೆ ಹೋಗುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆ ಸುಳಿಯೊಳಗೇ ಉದುರಿಸಬೇಕು. ಮೊದಲ ದಿನವೇ ಔಷಧಿ ಬೆರೆಸಿಡುವವರಿದ್ದಾರೆ, ಬರಿಗೈಯಲ್ಲಿ ಕಲಸುವವರೂ ಇದ್ದಾರೆ, ಎರಡೂ ತಪ್ಪು. ತೌಡು ಬೆಲ್ಲದ ವಾಸನೆಗೆ ದನ ಬಾಯಿ ಹಾಕುತ್ತದೆ ಎಂಬುದಂತೂ ಹೇಳಿಕೊಡಬೇಕಾದ ಮಾತೇ ಅಲ್ಲ, ಆದರೂ ಹೇಳಬೇಕು.

ರಾಗಿಯ ಕಥೆ ಗೊತ್ತಿರುವುದೇ. ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗೆ ಆಫ್ರಿಕದ್ದನ್ನು ಕೂಡಿಸಿ ತೆಗೆದ ಇಂಡಾಫ್ ತಳಿಗಳ ಹೆಸರಿನಲ್ಲೇ ಎರಡೂ ಸೀಮೆಗಳಿವೆ.

ವಿಜ್ಞಾನದವರು ಇತಿಹಾಸ ವಿಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕೆಲಸ ಮಾಡಿದರು. ಅಲ್ಲಿನ ಬಂಡೆಯ ಮೇಲಿನ ಪ್ರಾಕೃತ ಶಾಸನ, ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಎನ್ನುತ್ತದೆ. ಕೆರೆಯ ಮಾತಿಗೆ ತಕರಾರಿಲ್ಲ; ಉಳಿದ ಸವೆದ ಸಾಲುಗಳ ಓದಿನಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಚ್ಚು ತೆಗೆಯುವುದು ಎಷ್ಟು ನಾಜೂಕು ಎಂದು ತಿಳಿದವರಿಗೆ ಇದು ಅಚ್ಚರಿಯಲ್ಲ. ಕಲ್ಲನ್ನು ನೀರು ಹಾಕಿ ನಾರಿನ ಬ್ರಷ್ಷಿನಿಂದ ಉಜ್ಜಿ, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಕುಳಿಗೆ ಇಳಿಸಬೇಕು. ಅರೆ ಒಣಗಿದಾಗ ಶಾಯಿಯ ಉಂಡೆ ಒತ್ತಬೇಕು. ಬೇಗ ಒತ್ತಿದರೆ ಶಾಯಿ ಕುಳಿಗೂ ಹರಡಿ ಅಕ್ಷರ ಮುಚ್ಚುತ್ತದೆ, ತಡವಾದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಕಲ್ಲಿನ ಬಿರುಕೊಂದು ಅಚ್ಚಿನಲ್ಲಿ ಅಕ್ಷರದ ಕೊಂಬಿನಂತೆ ಕಾಣಬಹುದು. ಮಳೆನೀರು ನಿಲ್ಲಿಸಿದ ಕೆರೆಯಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ನೀರಿನ ಬೆಂಚಿನವರು ಈ ಶಾಸನದ ಪಕ್ಕದಲ್ಲಿಟ್ಟು ನೋಡಬೇಕು.

ಈಗ ಆ ಬೆಂಚಿನಲ್ಲಿ ಕೂರುವವರಿಗೆ ಒಂದೆರಡು ಮಾತು. ಒಂದೇ ಬಾವಿಯ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತನ್ನಿ. ಮಾದರಿ ಹಿಡಿಯುವ ಮುಂಚೆ ಪೈಪಿನಲ್ಲಿ ನಿಂತ ನೀರು ಹೋಗುವಷ್ಟು ಹೊತ್ತು ಪಂಪು ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಿರಿ. ಊರು, ಬಾವಿಯ ಆಳ, ತಾರೀಖು ಮೂರೂ ಬಾಟಲಿಯ ಮೈಮೇಲಿರಲಿ. ಮುಚ್ಚಳದ ಮೇಲೆ ಬೇಡ, ಮುಚ್ಚಳಗಳು ಅದಲುಬದಲಾಗುತ್ತವೆ. ಬರೆಯುವುದು ಪೆನ್ಸಿಲ್ಲಿನಲ್ಲಿ. ಹುಳುವನ್ನು ಆಲ್ಕೋಹಾಲಿನ ಸೀಸೆಗೆ ಹಾಕುವ ಕೀಟಶಾಸ್ತ್ರದವರೂ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆದು ಒಳಗೆ ಹಾಕುತ್ತಾರೆ. ಪೆನ್ನಿನ ಶಾಯಿ ಕರಗಿದರೆ ಸೀಸೆಯಲ್ಲಿ ಹುಳು ಉಳಿಯುತ್ತದೆ, ಯಾವ ಹೊಲದ್ದು ಎಂಬುದು ಉಳಿಯುವುದಿಲ್ಲ.